ಗ್ಯಾಲಕ್ಸಿ-15: ಆದೇಶ ಕೇಳದೆ ಎಂಟೂವರೆ ತಿಂಗಳು ಬಿತ್ತರಿಸುತ್ತಲೇ ಇದ್ದ ಉಪಗ್ರಹ

2010ರ ಏಪ್ರಿಲ್ 5, ಯುಟಿಸಿ (ವಿಶ್ವ ಪ್ರಮಾಣ ಸಮಯ) 9.48. ಪಶ್ಚಿಮ ರೇಖಾಂಶ 133 ಡಿಗ್ರಿಯಲ್ಲಿದ್ದ ಇಂಟೆಲ್‌ಸ್ಯಾಟ್ ಕಂಪನಿಯ ಗ್ಯಾಲಕ್ಸಿ-15 ಉಪಗ್ರಹ ನೆಲದಿಂದ ಹೋದ ಕಮಾಂಡ್‌ಗಳಿಗೆ ಉತ್ತರ ಕೊಡುವುದನ್ನು ನಿಲ್ಲಿಸಿತು. ಕಮಾಂಡ್ ತಪ್ಪಿದ ಉಪಗ್ರಹ ಹೊಸದೇನಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ವಿದ್ಯುತ್ತೋ ದಿಕ್ಕೋ ಅದರ ಜೊತೆಗೇ ಕೈಕೊಡುತ್ತದೆ, ಪೇಲೋಡ್ (ಬಿತ್ತರಿಸುವ ಉಪಕರಣ) ಆರಿಹೋಗುತ್ತದೆ, ಉಪಗ್ರಹ ಮೂಕವಾಗಿ ತೇಲಿಹೋಗುತ್ತದೆ. ಗ್ಯಾಲಕ್ಸಿ-15ರಲ್ಲಿ ಹಾಗಾಗಲಿಲ್ಲ. ಸೌರಫಲಕಗಳು ಸೂರ್ಯನನ್ನು ಹಿಂಬಾಲಿಸುತ್ತಲೇ ಇದ್ದವು, ಆಂಟೆನಾಗಳು ಉತ್ತರ ಅಮೆರಿಕದ ಕಡೆಗೇ ಮುಖ ಮಾಡಿದ್ದವು, ನೆಲದಿಂದ ಬಂದ ಸಂಕೇತವನ್ನು ಮರಳಿ ಬಿತ್ತರಿಸುವ 24 ಸಿ-ಬ್ಯಾಂಡ್ ಟ್ರಾನ್ಸ್‌ಪಾಂಡರ್‌ಗಳೂ ಚಾಲೂ ಇದ್ದವು. ಹಾಳಾದದ್ದು ಒಂದೇ: ಮಾತು ಕೇಳಿಸಿಕೊಳ್ಳುವ ಭಾಗ. ಉಳಿದದ್ದೆಲ್ಲ ಆರೋಗ್ಯವಾಗಿದ್ದದ್ದೇ ಮುಂದಿನ ಎಂಟೂವರೆ ತಿಂಗಳ ತಲೆನೋವಿಗೆ ಕಾರಣವಾಯಿತು. ಪತ್ರಿಕೆಗಳು ಇದಕ್ಕೆ ಝಾಂಬಿಸ್ಯಾಟ್ ಎಂದು ಹೆಸರಿಟ್ಟವು. ಹೆಸರು ಅಗ್ಗದ್ದಾದರೂ ಲಕ್ಷಣ ಸರಿಯಾಗಿಯೇ ಇತ್ತು.

ಉಪಗ್ರಹದ ಹಿನ್ನೆಲೆ

ಗ್ಯಾಲಕ್ಸಿ-15 ಅನ್ನು ಕಟ್ಟಿದ್ದು ಆರ್ಬಿಟಲ್ ಸೈನ್ಸಸ್ ಕಂಪನಿ, ತನ್ನ ಸ್ಟಾರ್-2 ಮಾದರಿಯ ಚೌಕಟ್ಟಿನ ಮೇಲೆ. ಉಡಾವಣೆಯ ಹೊತ್ತಿಗೆ ತೂಕ ಸುಮಾರು ಎರಡು ಟನ್. ಭೂಸ್ಥಿರ (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ) ಉಪಗ್ರಹಗಳ ಲೆಕ್ಕದಲ್ಲಿ ಇದು ಸಣ್ಣದೇ. 2005ರ ಅಕ್ಟೋಬರ್ 13ರಂದು ಫ್ರೆಂಚ್ ಗಯಾನಾದ ಕೂರೂನಿಂದ ಏರಿಯಾನ್-5 ರಾಕೆಟ್ ಅದನ್ನು ಮೇಲಕ್ಕೊಯ್ದಿತು. ಆಗ ಮಾಲೀಕತ್ವ ಪ್ಯಾನ್‌ಆಮ್‌ಸ್ಯಾಟ್‌ನದು. 2006ರಲ್ಲಿ ಆ ಕಂಪನಿಯನ್ನು ಇಂಟೆಲ್‌ಸ್ಯಾಟ್ ಕೊಂಡುಕೊಂಡಾಗ ಉಪಗ್ರಹವೂ ಕೈಬದಲಾಯಿಸಿತು. ಮುಖ್ಯ ಕೆಲಸ ಅಮೆರಿಕದ ಕೇಬಲ್ ಟಿವಿ ಜಾಲಗಳಿಗೆ ಚಾನೆಲ್‌ಗಳನ್ನು ಹಂಚುವುದು. ಇದರ ಜೊತೆಗೆ ಒಂದು ಎಲ್-ಬ್ಯಾಂಡ್ ಪೇಲೋಡ್ ಇತ್ತು: ಅಮೆರಿಕದ ವಿಮಾನಯಾನ ಆಡಳಿತದ ವಾಸ್ ವ್ಯವಸ್ಥೆಗಾಗಿ ಜಿಪಿಎಸ್ ತಿದ್ದುಪಡಿ ಸಂಕೇತಗಳನ್ನು ವಿಮಾನಗಳಿಗೆ ತಲುಪಿಸುವಂಥದ್ದು.

ಮುಂದಿನದು ಅರ್ಥವಾಗಬೇಕಾದರೆ ಟ್ರಾನ್ಸ್‌ಪಾಂಡರ್‌ನ ಸ್ವಭಾವ ತಿಳಿದಿರಬೇಕು. ಸಾಮಾನ್ಯ ಸಿ-ಬ್ಯಾಂಡ್ ಟ್ರಾನ್ಸ್‌ಪಾಂಡರ್‌ಗೆ ತಾನು ಹೊತ್ತೊಯ್ಯುವ ಸಂಕೇತ ಯಾರದು, ಏನು ಎಂಬುದು ಗೊತ್ತಿರುವುದಿಲ್ಲ. 5.925ರಿಂದ 6.425 ಗಿಗಾಹರ್ಟ್ಸ್ ನಡುವೆ ಕೆಳಗಿನಿಂದ ಬಂದದ್ದನ್ನೆಲ್ಲ ತೆಗೆದುಕೊಂಡು, ಆವರ್ತನವನ್ನು 2,225 ಮೆಗಾಹರ್ಟ್ಸ್‌ನಷ್ಟು ಇಳಿಸಿ, ವರ್ಧಿಸಿ, 3.7ರಿಂದ 4.2 ಗಿಗಾಹರ್ಟ್ಸ್‌ನಲ್ಲಿ ಕೆಳಕ್ಕೆ ಬಿಡುತ್ತದೆ. ಬಂದ ಸಂಕೇತ ತನ್ನ ಗಿರಾಕಿಯದೋ ಪಕ್ಕದ ಉಪಗ್ರಹದ ಗಿರಾಕಿಯದೋ ಎಂದು ಅದು ಕೇಳುವುದಿಲ್ಲ. ಅಮೆರಿಕದ ಮೇಲಿನ ಕೇಬಲ್ ಉಪಗ್ರಹಗಳು ಆಗ ಬಹುಪಾಲು ಇದೇ 500 ಮೆಗಾಹರ್ಟ್ಸ್ ಪಟ್ಟಿಯನ್ನೇ, ಇದೇ ರೀತಿ 24 ಟ್ರಾನ್ಸ್‌ಪಾಂಡರ್‌ಗಳಾಗಿ ಹಂಚಿಕೊಂಡು ಬಳಸುತ್ತಿದ್ದವು. ಒಂದಕ್ಕೊಂದು ತೊಡಕಾಗದೆ ಇದ್ದದ್ದು ಅವುಗಳ ನಡುವೆ ಎರಡು ಡಿಗ್ರಿ ಅಂತರವಿತ್ತು ಎಂಬ ಒಂದೇ ಕಾರಣಕ್ಕೆ.

ಏಪ್ರಿಲ್ 5ರ ನಡುರಾತ್ರಿ

ಏಪ್ರಿಲ್ 3ರಂದು ಸೂರ್ಯನಿಂದ ಹೊರಟ ಪ್ಲಾಸ್ಮಾ ಮೋಡ 5ರ ಬೆಳಿಗ್ಗೆ, ಯುಟಿಸಿ ಎಂಟು ಗಂಟೆ ದಾಟಿದ ಮೇಲೆ, ಭೂಮಿಯ ಕಾಂತಕ್ಷೇತ್ರಕ್ಕೆ ಬಡಿಯಿತು. ಒಂಬತ್ತರ ಸುಮಾರಿಗೆ ಕಾಂತಬಾಲದ (ಸೂರ್ಯನಿಂದ ಆಚೆಗೆ ಬಾಲದಂತೆ ಚಾಚಿಕೊಂಡ ಕಾಂತಕ್ಷೇತ್ರದ) ಕಡೆಯಿಂದ ಶಕ್ತಿಶಾಲಿ ಎಲೆಕ್ಟ್ರಾನುಗಳು ರಾತ್ರಿಯ ಭಾಗಕ್ಕೆ ನುಗ್ಗಿದವು. ಹೀಗೆ ನುಗ್ಗಿದ ಎಲೆಕ್ಟ್ರಾನುಗಳು ಪೂರ್ವಕ್ಕೆ ಸರಿಯುತ್ತವೆ. ಹಾಗಾಗಿ ಅವುಗಳ ಹೊಡೆತ ಹೆಚ್ಚಾಗಿ ಬೀಳುವುದು ಸ್ಥಳೀಯ ಸಮಯ ನಡುರಾತ್ರಿಯಿಂದ ಮುಂಜಾನೆಯ ನಡುವೆ ಇರುವ ಉಪಗ್ರಹಗಳ ಮೇಲೆ. 133 ಪಶ್ಚಿಮದಲ್ಲಿ ಆಗ ಸ್ಥಳೀಯ ಸಮಯ ಸರಿಸುಮಾರು 12.56, ಅಂದರೆ ನಡುರಾತ್ರಿ ಕಳೆದು ಒಂದು ಗಂಟೆಯೂ ಆಗಿರಲಿಲ್ಲ.

ಗ್ರಹಣದ ಕಾಲವೂ ಇದೇ. ವಿಷುವದ ಹಿಂದೆ ಮುಂದೆ ತಲಾ ಮೂರು ವಾರ ಭೂಸ್ಥಿರ ಉಪಗ್ರಹ ದಿನಕ್ಕೊಮ್ಮೆ, ಸ್ಥಳೀಯ ನಡುರಾತ್ರಿಯ ಆಸುಪಾಸಿನಲ್ಲಿ, ಭೂಮಿಯ ನೆರಳನ್ನು ಹಾದುಹೋಗುತ್ತದೆ. ಏಪ್ರಿಲ್ 5ರಂದು ಸೂರ್ಯ ವಿಷುವದ್ರೇಖೆಯಿಂದ ಆರು ಡಿಗ್ರಿ ಉತ್ತರಕ್ಕಿದ್ದುದರಿಂದ ನೆರಳಿನ ಅವಧಿ ಸುಮಾರು 50 ನಿಮಿಷ. ಕಮಾಂಡ್ ತಪ್ಪಿದ ಹೊತ್ತಿಗೆ ಗ್ಯಾಲಕ್ಸಿ-15 ನೆರಳಿನಿಂದ ಹೊರಬಂದು ಅರ್ಧ ಗಂಟೆಯಾಗಿತ್ತಷ್ಟೆ.

ಈ ಎರಡೂ ಕೂಡಿದಾಗ ಆಗುವುದು ಹೀಗೆ. ಬಿಸಿಲಿನಲ್ಲಿ ಉಪಗ್ರಹದ ಮೈಯಿಂದ ಬೆಳಕಿನ ಹೊಡೆತಕ್ಕೆ ಎಲೆಕ್ಟ್ರಾನುಗಳು ಹಾರಿಹೋಗುತ್ತಿರುತ್ತವೆ, ಆದ್ದರಿಂದ ಋಣ ಆವೇಶ ಹೆಚ್ಚು ಕೂಡಿಕೊಳ್ಳುವುದಿಲ್ಲ. ನೆರಳಿನಲ್ಲಿ ಆ ದಾರಿ ಮುಚ್ಚಿರುತ್ತದೆ. ಮೈ ಸಾವಿರಾರು ವೋಲ್ಟ್‌ವರೆಗೂ ಋಣವಾಗಬಲ್ಲದು. ಮತ್ತೆ ಬಿಸಿಲಿಗೆ ಬಂದಾಗ ಬೆಳಕು ಬಿದ್ದ ಕಡೆ ಆವೇಶ ಬೇಗ ಇಳಿಯುತ್ತದೆ, ನೆರಳಿನ ಬದಿಯ ವಿದ್ಯುತ್ ನಿರೋಧಕ ಹಾಳೆಗಳಲ್ಲಿ ಹಾಗೇ ಉಳಿಯುತ್ತದೆ. ಅಕ್ಕಪಕ್ಕದ ಎರಡು ಮೇಲ್ಮೈಗಳ ನಡುವಿನ ಈ ವ್ಯತ್ಯಾಸವೇ ಕಿಡಿಯಾಗಿ ಹಾರುವುದು. ಕಿಡಿಯ ಶಕ್ತಿ ಸಣ್ಣದು. ಆದರೆ ಅದು ಎಬ್ಬಿಸುವ ನ್ಯಾನೋಸೆಕೆಂಡಿನ ಮಿಡಿತ ತಂತಿಗಳ ಕಟ್ಟಿಗೆ ಹೊಕ್ಕರೆ ಒಳಗಿನ ತರ್ಕ ಸರ್ಕ್ಯೂಟು ಅದನ್ನು ನಿಜವಾದ ಸಂಕೇತವೆಂದೇ ತಿಳಿಯಬಹುದು. ಮುಂದೆ ನಡೆದ ತನಿಖೆ ಬೆರಳು ತೋರಿಸಿದ್ದೂ ಸ್ಥಿರವಿದ್ಯುತ್ ವಿಸರ್ಜನೆಯ ಕಡೆಗೇ. ಅದರಿಂದ ಬೇಸ್‌ಬ್ಯಾಂಡ್ ಘಟಕ, ಅಂದರೆ ಕಮಾಂಡ್‌ಗಳನ್ನು ಬಿಡಿಸಿ ಒಳಗಿನ ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ, ಒಂದು ಸ್ಥಿತಿಯಲ್ಲಿ ಸಿಕ್ಕಿಕೊಂಡುಬಿಟ್ಟಿತ್ತು.

ಕಮಾಂಡ್ ರಿಸೀವರ್‌ಗಳು ಜೋಡಿಯಾಗಿರುತ್ತವೆ, ಎಂದೂ ಆರಿಸಲಾಗದಂತೆ ಬೆಸೆದಿರುತ್ತವೆ ಎಂಬುದು ಈ ಉದ್ಯಮದಲ್ಲಿ ಎಲ್ಲರಿಗೂ ಗೊತ್ತಿರುವ ಧೈರ್ಯ. ಎರಡು ಬಾಗಿಲಿಟ್ಟರೂ ಎರಡೂ ತೆರೆಯುವುದು ಒಂದೇ ಕೋಣೆಗಾದರೆ, ಆ ಕೋಣೆಯೇ ಬೀಗ ಹಾಕಿಕೊಂಡಾಗ ಬಾಗಿಲ ಲೆಕ್ಕಕ್ಕೆ ಬೆಲೆಯಿಲ್ಲ. ಎಂಜಿನಿಯರುಗಳು ಒಂದೂವರೆ ಲಕ್ಷಕ್ಕೂ ಹೆಚ್ಚು ಕಮಾಂಡ್‌ಗಳನ್ನು ಕಳಿಸಿ ನೋಡಿದರು. ಯಾವುದೂ ನಾಟಲಿಲ್ಲ.

ತೇಲುವ ದಾರಿ, ತೇಲುವ ವೇಗ

ಭೂಸ್ಥಿರ ಕಕ್ಷೆ ಹೆಸರಿಗೆ ಸ್ಥಿರ. ಭೂಮಿಯ ಸಮಭಾಜಕ ಪೂರ್ಣ ವೃತ್ತವಲ್ಲ, ತುಸು ದೀರ್ಘವೃತ್ತ. ಇದರ ಸೆಳೆತದಿಂದ ಪ್ರತಿ ಉಪಗ್ರಹವೂ ಎರಡು ಸ್ಥಿರ ಬಿಂದುಗಳಲ್ಲಿ ಹತ್ತಿರದ್ದರ ಕಡೆಗೆ ಜಾರುತ್ತದೆ: ಒಂದು 75 ಪೂರ್ವದ ಬಳಿ, ಇನ್ನೊಂದು 105 ಪಶ್ಚಿಮದ ಬಳಿ. ಈ ಜಾರುವಿಕೆಯನ್ನು ಥ್ರಸ್ಟರಿನಿಂದ, ಅಂದರೆ ಸಣ್ಣ ರಾಕೆಟ್ ಎಂಜಿನಿನಿಂದ, ಆಗಾಗ ಸರಿಪಡಿಸಿ ಉಪಗ್ರಹವನ್ನು ತನ್ನ ಜಾಗದ ±0.05 ಡಿಗ್ರಿಯೊಳಗೆ ಇಡುತ್ತಾರೆ. ಆ ಎತ್ತರದಲ್ಲಿ ಒಂದು ಡಿಗ್ರಿ ಎಂದರೆ 736 ಕಿ.ಮೀ., ಹಾಗಾಗಿ ಉಪಗ್ರಹಕ್ಕೆ ಗೊತ್ತುಮಾಡಿದ ಈ ಕಾಲ್ಪನಿಕ ಪೆಟ್ಟಿಗೆಯ ಅಗಲ ಸುಮಾರು 74 ಕಿ.ಮೀ.

ಲೆಕ್ಕಕ್ಕೆ ಬೇಕಾದ ಸೂತ್ರ ಸರಳ. ದಿನದಿಂದ ದಿನಕ್ಕೆ ಕೂಡಿಕೊಳ್ಳುವ ವೇಗ ಸುಮಾರು 0.0017 ಡಿಗ್ರಿಯನ್ನು, ಸ್ಥಿರ ಬಿಂದುವಿನಿಂದ ಇರುವ ದೂರದ ಎರಡರಷ್ಟು ಕೋನದ ಸೈನ್‌ನಿಂದ ಗುಣಿಸಿದಷ್ಟು. 133ರಿಂದ 105ಕ್ಕೆ 28 ಡಿಗ್ರಿ. 56 ಡಿಗ್ರಿಯ ಸೈನ್ 0.83, ಆದ್ದರಿಂದ ದಿನಕ್ಕೆ 0.0014 ಡಿಗ್ರಿಯಷ್ಟು ವೇಗ ಏರುತ್ತದೆ. ನಿಂತ ನೆಲೆಯಿಂದ ಹೊರಟರೆ ಪೆಟ್ಟಿಗೆಯ ಅಂಚು ದಾಟಲು ಎಂಟೊಂಬತ್ತು ದಿನ ಸಾಕು. ಮೂವತ್ತನೆಯ ದಿನಕ್ಕೆ ಸುಮಾರು 0.6 ಡಿಗ್ರಿ, ಎರಡು ಡಿಗ್ರಿ ಸರಿಯಲು ಸುಮಾರು 53 ದಿನ. ಏಪ್ರಿಲ್ 5ಕ್ಕೆ 53 ದಿನ ಕೂಡಿಸಿದರೆ ಮೇ ತಿಂಗಳ ಕೊನೆಯ ವಾರ. 131 ಪಶ್ಚಿಮದಲ್ಲಿ ಎಸ್‌ಇಎಸ್ ಕಂಪನಿಯ ಎಎಂಸಿ-11 ಇತ್ತು. ಅದೂ ಕೇಬಲ್ ಉಪಗ್ರಹ, ಅದೂ 24 ಸಿ-ಬ್ಯಾಂಡ್ ಟ್ರಾನ್ಸ್‌ಪಾಂಡರ್. ಗ್ಯಾಲಕ್ಸಿ-15 ಅದರ ವಲಯಕ್ಕೆ ಕಾಲಿಡುವುದು ಮೇ 23ರ ಸುಮಾರಿಗೆ, ಹೊರಬೀಳುವುದು ಜೂನ್ 7ರ ಸುಮಾರಿಗೆ ಎಂದು ಕಂಪನಿಗಳು ತಿಂಗಳು ಮೊದಲೇ ಹೇಳಲು ಸಾಧ್ಯವಾದದ್ದು ಇಂಥ ಲೆಕ್ಕದಿಂದಲೇ. ಯಾರೂ ಚಲಾಯಿಸದ ವಸ್ತುವಿನ ದಾರಿಯನ್ನು ಹೇಳುವುದು ಚಲಾಯಿಸುವ ವಸ್ತುವಿನ ದಾರಿಯನ್ನು ಹೇಳುವುದಕ್ಕಿಂತ ಸುಲಭ. ಈ ಇಡೀ ಪ್ರಕರಣದಲ್ಲಿ ಎಂಜಿನಿಯರುಗಳಿಗೆ ಸಿಕ್ಕ ಒಂದೇ ಅನುಕೂಲ ಇದು.

ಹೊರಗಿನವರಿಗೆ ತಕ್ಷಣ ಹೊಳೆಯದ ವಿಷಯ ಒಂದಿದೆ: ಮೊದಲ ನೆರೆಯವನಿಗೇ ಅತಿ ಹೆಚ್ಚು ಕಾಟ. ಸ್ಥಿರ ಬಿಂದುವಿನ ಕಡೆಗಿನ ಈ ಜಾರುವಿಕೆ ಉಯ್ಯಾಲೆಯ ಹಾಗೆ: ತುದಿಯಲ್ಲಿ ನಿಧಾನ, ನಡುವೆ ಜೋರು. 131ರ ಬಳಿ ಗ್ಯಾಲಕ್ಸಿ-15ರ ವೇಗ ದಿನಕ್ಕೆ 0.07 ಡಿಗ್ರಿ ಮಾತ್ರ. ಎಎಂಸಿ-11ರ ಇಬ್ಬದಿಯ ಅರ್ಧರ್ಧ ಡಿಗ್ರಿಯನ್ನು ದಾಟಲು ಎರಡು ವಾರವೇ ಬೇಕು. 127ರಲ್ಲಿದ್ದ ಗ್ಯಾಲಕ್ಸಿ-13ರ ಹೊತ್ತಿಗೆ ವೇಗ ದಿನಕ್ಕೆ 0.13ರ ಹತ್ತಿರ, ಅದೇ ಅಗಲಕ್ಕೆ ಎಂಟು ದಿನ. 105ರ ಬಳಿ ದಿನಕ್ಕೆ 0.2 ಡಿಗ್ರಿಗೂ ಮಿಕ್ಕಿ, ಅಲ್ಲಿ ಐದು ದಿನವೂ ಬೇಡ. ಅಂದರೆ ಸಿದ್ಧತೆಗೆ ಸಮಯ ಅತಿ ಕಡಿಮೆ ಇದ್ದವರೇ ಅತಿ ಹೆಚ್ಚು ದಿನ ತಾಳಿಕೊಳ್ಳಬೇಕಿತ್ತು.

ಢಿಕ್ಕಿಯ ಮಾತೂ ಎದ್ದಿತ್ತು. ಪೂರ್ವಕ್ಕೆ ದಿನಕ್ಕೆ ಒಂದು ಡಿಗ್ರಿ ಸರಿಯುವ ವಸ್ತು ಭೂಸ್ಥಿರ ಕಕ್ಷೆಗಿಂತ 78 ಕಿ.ಮೀ. ಕೆಳಗಿರುತ್ತದೆ; 0.07 ಡಿಗ್ರಿಗೆ ಅದು ಐದಾರು ಕಿ.ಮೀ. ಮಾತ್ರ. ಕಕ್ಷೆಯ ಅಲ್ಪ ದೀರ್ಘವೃತ್ತತೆಯಿಂದ ಪ್ರತಿ ಉಪಗ್ರಹವೂ ದಿನಕ್ಕೊಮ್ಮೆ ಹತ್ತು ಹದಿನೈದು ಕಿ.ಮೀ. ಮೇಲೆ ಕೆಳಗೆ ಆಡುವುದರಿಂದ, "ಕೆಳಗಿನಿಂದ ಹಾದುಹೋಗುತ್ತದೆ ಬಿಡಿ" ಎಂದು ಕೈಕಟ್ಟಿ ಕೂರುವ ಹಾಗಿಲ್ಲ. ನೆರೆಯ ಉಪಗ್ರಹದ ಕಕ್ಷೆ ಸಮಭಾಜಕಕ್ಕೆ ವಾಲಿದ ಓರೆಯನ್ನೋ ದೀರ್ಘವೃತ್ತತೆಯನ್ನೋ ಚೂರು ಬದಲಿಸಿ ಹಲವು ಕಿ.ಮೀ. ಅಂತರ ಕಾಯ್ದುಕೊಳ್ಳಬೇಕಾಗುತ್ತದೆ. ಉತ್ತರ-ದಕ್ಷಿಣದ ತಿದ್ದುಪಡಿ ನಿಂತ ಕಾರಣ ಗ್ಯಾಲಕ್ಸಿ-15ರ ಕಕ್ಷೆಯೂ ವರ್ಷಕ್ಕೆ 0.8 ಡಿಗ್ರಿ ಆಸುಪಾಸಿನಲ್ಲಿ ಓರೆಯಾಗತೊಡಗಿತ್ತು, ಅದು ಅಂತರವನ್ನು ಇನ್ನಷ್ಟು ಹೆಚ್ಚಿಸಿತು. ಢಿಕ್ಕಿ ದೂರದ ಮಾತಾಗಿತ್ತು. ನಿಜವಾದ ಭಯ ರೇಡಿಯೋ ಸಂಕೇತಗಳದ್ದು.

131 ಪಶ್ಚಿಮದಲ್ಲಿ ಎರಡು ವಾರ

ಎಎಂಸಿ-11ಕ್ಕೆ ಕಳಿಸಿದ ಸಂಕೇತ ಪಕ್ಕದಲ್ಲೇ ಬಂದ ಗ್ಯಾಲಕ್ಸಿ-15ರ ಕಿವಿಗೂ ಬೀಳುತ್ತದೆ. ಅದೂ ಅದನ್ನೇ, ಅದೇ ಆವರ್ತನದಲ್ಲಿ, ಅದೇ ಪ್ರದೇಶದ ಮೇಲೆ ಮರಳಿ ಬಿತ್ತರಿಸುತ್ತದೆ. ನೆಲದ ಡಿಶ್‌ಗೆ ಒಂದೇ ಚಾನೆಲ್‌ನ ಎರಡು ಪ್ರತಿಗಳು ಬರುತ್ತವೆ. ಎರಡೂ ಒಂದೇ ಮಾಹಿತಿಯಲ್ಲವೇ, ತೊಂದರೆಯೇನು ಎಂದು ಕೇಳಬಹುದು. ಎರಡನೆಯ ಪ್ರತಿ ಬೇರೆ ದೂರ ಕ್ರಮಿಸಿ ಬಂದಿರುತ್ತದೆ. 0.2 ಡಿಗ್ರಿ ಅಂತರವಿದ್ದರೂ ದಾರಿಯ ವ್ಯತ್ಯಾಸ ಹತ್ತು ಇಪ್ಪತ್ತು ಕಿ.ಮೀ. ತನಕ ಹೋಗಬಹುದು, ಅಂದರೆ ಹತ್ತಾರು ಮೈಕ್ರೋಸೆಕೆಂಡ್ ತಡ. ಸೆಕೆಂಡಿಗೆ ಮೂರು ಕೋಟಿ ಸಿಂಬಲ್ (ಮಾಹಿತಿಯ ತುಣುಕು) ಹೊತ್ತ ರೇಡಿಯೋ ಅಲೆಯಲ್ಲಿ ಇದು ಸಾವಿರಕ್ಕೂ ಹೆಚ್ಚು ಸಿಂಬಲ್‌ಗಳ ತಡ. ಎರಡು ಉಪಗ್ರಹಗಳಲ್ಲಿ ಆವರ್ತನ ಹುಟ್ಟಿಸುವ ಆಸಿಲೇಟರ್‌ಗಳೂ ಬೇರೆ ಬೇರೆಯಾದ್ದರಿಂದ ಆವರ್ತನದಲ್ಲೂ ಅಲ್ಪ ವ್ಯತ್ಯಾಸ. ರಿಸೀವರ್‌ನಲ್ಲಿ ಪ್ರತಿಧ್ವನಿಯನ್ನು ತಿದ್ದುವ ಈಕ್ವಲೈಸರ್‌ಗೆ ಇದನ್ನು ಸರಿಹೊಂದಿಸುವ ಶಕ್ತಿಯಿಲ್ಲ. ಅದರ ಪಾಲಿಗೆ ಎರಡನೆಯ ಪ್ರತಿ ಬರೀ ಗದ್ದಲ. ಚಿತ್ರ ನಿಲ್ಲಬೇಕಾದರೆ ಸಂಕೇತ ಗದ್ದಲಕ್ಕಿಂತ ಸಾಮಾನ್ಯವಾಗಿ 6ರಿಂದ 8 ಡೆಸಿಬೆಲ್ ಮೇಲಿರಬೇಕು. ಎರಡೂ ಪ್ರತಿ ಸಮಬಲವಾದರೆ ಆ ಅಂತರ ಸೊನ್ನೆಗೆ ಇಳಿದು ಪರದೆ ಕಪ್ಪಾಗುತ್ತದೆ.

ಸ್ವೀಕರಿಸುವ ಕಡೆ ಪರಿಹಾರವಿಲ್ಲ. ಕೇಬಲ್ ಹೆಡ್‌ಎಂಡ್‌ಗಳಲ್ಲಿರುವ (ಕೇಬಲ್ ಕಂಪನಿ ಚಾನೆಲ್ ಹಿಡಿದು ಮನೆಗಳಿಗೆ ಹಂಚುವ ಕೇಂದ್ರ) ಮೂರೂಮುಕ್ಕಾಲು ಮೀಟರ್ ಡಿಶ್‌ನ ನೋಟದ ಅಗಲ ಸಿ-ಬ್ಯಾಂಡ್ ಡೌನ್‌ಲಿಂಕ್‌ನಲ್ಲಿ ಸುಮಾರು ಒಂದೂವರೆ ಡಿಗ್ರಿ. ಅರ್ಧ ಡಿಗ್ರಿ ದೂರದ ಎರಡು ಉಪಗ್ರಹ ಅದಕ್ಕೆ ಒಂದೇ. ಇಂಥ ಸಾವಿರಾರು ಡಿಶ್‌ಗಳನ್ನು ಬದಲಿಸುವುದು ಆಗದ ಮಾತು. ಆದರೆ ಕಳಿಸುವ ಕಡೆ ಇರುವುದು ಬೆರಳೆಣಿಕೆಯ ಆಂಟೆನಾ. ಅಲ್ಲಿ ತಡೆದರೆ ಸಾಕು: ಗ್ಯಾಲಕ್ಸಿ-15ರ ಕಿವಿಗೆ ಏನೂ ಬೀಳದಿದ್ದರೆ ಅದು ಬಿತ್ತರಿಸಲು ಏನೂ ಇರುವುದಿಲ್ಲ.

ಒಂಬತ್ತು ಮೀಟರ್‌ನ ಅಪ್‌ಲಿಂಕ್ (ಮೇಲಕ್ಕೆ ಕಳಿಸುವ) ಆಂಟೆನಾಕ್ಕೆ 6 ಗಿಗಾಹರ್ಟ್ಸ್‌ನಲ್ಲಿ ಕಿರಣದ ಅಗಲ ಸುಮಾರು 0.38 ಡಿಗ್ರಿ. 19 ಮೀಟರ್‌ನದಕ್ಕೆ 0.18. ಮೇರಿಲ್ಯಾಂಡ್‌ನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಇಂಟೆಲ್‌ಸ್ಯಾಟ್‌ಗೆ 19 ಮೀಟರ್‌ನ ಆಂಟೆನಾ ಒಂದಿತ್ತು. ಎಸ್‌ಇಎಸ್ ತನ್ನ ಗಿರಾಕಿಗಳ ಸಂಕೇತಗಳನ್ನು ಅಲ್ಲಿಗೆ ತಂದು, ಪ್ರತಿಸ್ಪರ್ಧಿಯ ಆಂಟೆನಾದಿಂದ ಮೇಲಕ್ಕೆ ಕಳಿಸಲು ಒಪ್ಪಂದವಾಯಿತು. ವ್ಯಾಪಾರದಲ್ಲಿ ಹಾವು-ಮುಂಗುಸಿಯಂತಿದ್ದವರು ಈ ಎರಡು ವಾರ ಒಂದೇ ಮೇಜಿಗೆ ಕೂತರು.

ದೊಡ್ಡ ಆಂಟೆನಾದ ಲಾಭ ಕಿರಣ ಸಣ್ಣದಾಗುವುದಷ್ಟೇ ಅಲ್ಲ. ಮುಖ್ಯ ಕಿರಣದ ಅಂಚಿನಲ್ಲಿ, ಮಧ್ಯದಿಂದ ಸುಮಾರು 0.18 ಡಿಗ್ರಿ ದೂರದಲ್ಲಿ, ಶಕ್ತಿ ಬಹುತೇಕ ಸೊನ್ನೆಯಾಗುವ ಒಂದು ಕಣಿವೆ ಇರುತ್ತದೆ. ಎರಡು ಉಪಗ್ರಹಗಳ ಅಂತರ 0.2 ಡಿಗ್ರಿಯಷ್ಟಿದ್ದರೆ ಎಎಂಸಿ-11ಕ್ಕೆ ನೇರ ಗುರಿಯಿಟ್ಟರೂ ಗ್ಯಾಲಕ್ಸಿ-15 ಆ ಕಣಿವೆಯ ಹತ್ತಿರವೇ ಬೀಳುತ್ತದೆ. ಅಂತರ 0.1ಕ್ಕೆ ಇಳಿದಾಗ ಗುರಿಯನ್ನೇ 0.08 ಡಿಗ್ರಿಯಷ್ಟು ಆಚೆ ಬದಿಗೆ ಸರಿಸಬೇಕು. ಆಗ ಎಎಂಸಿ-11ಕ್ಕೆ ಸಲ್ಲುವ ಶಕ್ತಿ ಸುಮಾರು ಅರ್ಧವಾಗುತ್ತದೆ, ಅಂದರೆ 3 ಡೆಸಿಬೆಲ್ ನಷ್ಟ. ಅದನ್ನು ನೆಲದ ಆಂಪ್ಲಿಫೈಯರಿನಿಂದ ತುಂಬಿಕೊಳ್ಳಬಹುದು. ಗ್ಯಾಲಕ್ಸಿ-15 ಮಾತ್ರ ಕಣಿವೆಯಲ್ಲೇ ಇರುತ್ತದೆ. ಇದು ಕೆಲಸ ಮಾಡಬೇಕಾದರೆ ಎರಡೂ ಉಪಗ್ರಹಗಳ ಸ್ಥಾನ ನೂರರಲ್ಲಿ ಒಂದೆರಡು ಭಾಗ ಡಿಗ್ರಿಯಷ್ಟು ನಿಖರವಾಗಿ ಗೊತ್ತಿರಬೇಕು, ಆಂಟೆನಾ ದಿನವಿಡೀ ಅವುಗಳ ಆಟವನ್ನು ಹಿಂಬಾಲಿಸಬೇಕು.

ಕಣಿವೆಯ ಉಪಾಯವೂ ಕೈಕೊಡುವುದು ಎರಡು ಉಪಗ್ರಹ ಹೆಚ್ಚುಕಡಿಮೆ ಒಂದೇ ರೇಖಾಂಶಕ್ಕೆ ಬಂದಾಗ. ಆ ಹೊತ್ತನ್ನು ಚಿಕ್ಕದು ಮಾಡಲು ಎಎಂಸಿ-11 ತನ್ನ ಪೆಟ್ಟಿಗೆಯೊಳಗೇ ಜಾಗ ಬದಲಿಸುವ ಯೋಜನೆ ಹಾಕಿಕೊಂಡಿತು. ಬರುವವನು ಹತ್ತಿರವಾದಂತೆ ದೂರದ ಅಂಚಿನಲ್ಲಿ ಕಾದು, ಸಮಯ ನೋಡಿ ಎದುರು ದಿಕ್ಕಿಗೆ ಹಾದು ಹಿಂದಿನ ಬದಿಗೆ ದಾಟಿಬಿಡುವುದು. ಕಾಯುತ್ತಾ ನಿಂತರೆ ದಿನಕ್ಕೆ 0.07 ಡಿಗ್ರಿಯಲ್ಲಿ ಅಡ್ಡ ಹಾಯುವುದನ್ನು ಅನುಭವಿಸಬೇಕು; ತಾನೂ ಎದುರು ನಡೆದರೆ ಎರಡರ ವೇಗ ಕೂಡಿ ಅಪಾಯದ ಹೊತ್ತು ತೀರಾ ಮೊಟಕಾಗುತ್ತದೆ. ಜೂನ್ ಮೊದಲ ವಾರ ಕಳೆಯುವ ಹೊತ್ತಿಗೆ ಗ್ಯಾಲಕ್ಸಿ-15 ದಾಟಿಹೋಗಿತ್ತು. ಎಎಂಸಿ-11ರ ಗಿರಾಕಿಗಳ ಸೇವೆಗೆ ಅಡಚಣೆಯಾಗಲಿಲ್ಲ. ಮುಂದೆ ಸಾಲಿನಲ್ಲಿದ್ದ 127, 125, 123ರ ಉಪಗ್ರಹಗಳಿಗೂ ಇದೇ ಪಟ್ಟು, ಸಂದರ್ಭಕ್ಕೆ ತಕ್ಕ ತಿದ್ದುಪಡಿಯೊಂದಿಗೆ. ಆ ಮೂರೂ ಇಂಟೆಲ್‌ಸ್ಯಾಟ್ ನಡೆಸುತ್ತಿದ್ದ ಗ್ಯಾಲಕ್ಸಿಗಳೇ ಆದ್ದರಿಂದ ಮಾತುಕತೆ ಸುಲಭವಾಯಿತು.

ಇತ್ತ 133ರಲ್ಲಿ ಖಾಲಿಯಾದ ಜಾಗಕ್ಕೆ ಇಂಟೆಲ್‌ಸ್ಯಾಟ್ ತನ್ನ ಮೀಸಲು ಉಪಗ್ರಹ ಗ್ಯಾಲಕ್ಸಿ-12 ಅನ್ನು ತಂದಿತು. ಮೀಸಲು ಇಲ್ಲದಿದ್ದರೆ ಕಥೆಯ ಗಾತ್ರವೇ ಬೇರೆ ಇರುತ್ತಿತ್ತು. ಕೇಬಲ್ ಡಿಶ್‌ಗಳು 133ಕ್ಕೆ ತಿರುಗಿ ಕೂತಿರುತ್ತವೆ. ಉಪಗ್ರಹ ಡಿಶ್‌ನ ಕಡೆ ಬರಬೇಕೇ ಹೊರತು ಡಿಶ್ ಉಪಗ್ರಹದ ಕಡೆ ತಿರುಗುವುದಿಲ್ಲ.

ಆರಿಸುವ ಯತ್ನ

ಮೇ 3ರಂದು ಇಂಟೆಲ್‌ಸ್ಯಾಟ್ ಇನ್ನೊಂದು ದಾರಿ ಹಿಡಿಯಿತು. ಕಮಾಂಡ್ ಬಾಗಿಲು ಮುಚ್ಚಿದ್ದರೂ ಪೇಲೋಡ್ ಬಾಗಿಲು ತೆರೆದಿದೆಯಲ್ಲ, ಅದರ ಮೂಲಕವೇ ಹೊಡೆದರೆ ಹೇಗೆ? ಟ್ರಾನ್ಸ್‌ಪಾಂಡರ್‌ಗಳಿಗೆ ಎಂದಿಗಿಂತ ಬಲವಾದ ಸಂಕೇತ ಕಳಿಸಿ ಆಂಪ್ಲಿಫೈಯರುಗಳನ್ನು ಪೂರ್ತಿ ಹೊರೆಗೆ ತಳ್ಳುವುದು. ವಿದ್ಯುತ್ ವ್ಯವಸ್ಥೆ ಅದನ್ನು ದೋಷವೆಂದು ತಿಳಿದು ಪೇಲೋಡನ್ನು ತಾನೇ ಆರಿಸಿಕೊಳ್ಳಲಿ ಎಂಬುದು ಎಣಿಕೆ. ಫಲ ಸಿಗಲಿಲ್ಲ. ವಿದ್ಯುತ್ ಭಾಗವನ್ನು ಅಷ್ಟು ಗಟ್ಟಿಯಾಗಿ ಕಟ್ಟಿದ್ದರೆಂದೇ ಹೇಳಬೇಕು, ಈ ಸಂದರ್ಭದಲ್ಲಿ ಅದು ಹೊಗಳಿಕೆಯಲ್ಲದಿದ್ದರೂ.

ಉಳಿದದ್ದು ಕಾಯುವುದು. ಉಪಗ್ರಹ ತನ್ನ ದಿಕ್ಕನ್ನು ಕಾಯ್ದುಕೊಳ್ಳುವುದು ಒಳಗೆ ತಿರುಗುವ ಮೊಮೆಂಟಮ್ ವೀಲ್‌ಗಳಿಂದ. ಸೂರ್ಯನ ಬೆಳಕಿನ ಒತ್ತಡ ಉಪಗ್ರಹದ ಮೇಲೆ ಸಮನಾಗಿ ಬೀಳದೆ ಸಣ್ಣ ತಿರುಚು ಬಲ ಹುಟ್ಟಿಸುತ್ತದೆ. ವೀಲ್‌ಗಳು ವೇಗ ಬದಲಿಸಿ ಅದನ್ನು ನುಂಗಿಕೊಳ್ಳುತ್ತವೆ. ನುಂಗುವುದಕ್ಕೂ ಮಿತಿಯಿದೆ. ಸಾಮಾನ್ಯ ದಿನಗಳಲ್ಲಿ ಮಿತಿ ಮುಟ್ಟುವ ಮೊದಲೇ ಥ್ರಸ್ಟರ್ ಹಾರಿಸಿ ವೀಲ್‌ಗಳ ಭಾರ ಇಳಿಸುತ್ತಾರೆ. ಅದು ನಿಂತಿತ್ತು. ವೀಲ್ ಮಿತಿ ಮುಟ್ಟಿದರೆ ಉಪಗ್ರಹ ಭೂಮಿಯಿಂದ ಮುಖ ತಿರುಗಿಸುತ್ತದೆ, ಸೌರಫಲಕ ಸೂರ್ಯನನ್ನು ಕಳೆದುಕೊಳ್ಳುತ್ತದೆ, ಚಾಲೂ ಇರುವ ಪೇಲೋಡ್ ಬ್ಯಾಟರಿಯನ್ನು ಹೀರುತ್ತದೆ, ಕೊನೆಗೆ ಎಲ್ಲವೂ ಆರಿ ಬೇಸ್‌ಬ್ಯಾಂಡ್ ಘಟಕವೂ ಹೊಸದಾಗಿ ಶುರುವಾಗುತ್ತದೆ. ಈ ಸರಣಿ ವಿನ್ಯಾಸದಲ್ಲೇ ಇತ್ತು. ಆಗಸ್ಟ್ ಕೊನೆ, ಸೆಪ್ಟೆಂಬರ್ ಎಂದು ಅಂದಾಜಿಸಿದ್ದರು. ಸೆಪ್ಟೆಂಬರ್ ಬಂತು, ಹೋಯಿತು. ಬೆಳಕಿನ ತಿರುಚು ಬಲದ ದಿಕ್ಕು ಋತುವಿನ ಜೊತೆ ತಿರುಗುತ್ತದೆ. ಒಂದು ತಿಂಗಳು ಕೂಡಿದ್ದನ್ನು ಇನ್ನೊಂದು ತಿಂಗಳು ಕಳೆಯಬಹುದು. ಇಂಥ ಮೊತ್ತವನ್ನು ತಿಂಗಳುಗಟ್ಟಲೆ ಮುಂದಕ್ಕೆ ಲೆಕ್ಕ ಹಾಕಿದಾಗ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಶರತ್ಕಾಲದ ಗ್ರಹಣಗಳನ್ನೂ ಗ್ಯಾಲಕ್ಸಿ-15 ಯಾರ ನೆರವಿಲ್ಲದೆ ದಾಟಿತು: ನೆರಳಿನಲ್ಲಿ ಬ್ಯಾಟರಿ, ಬಿಸಿಲಿನಲ್ಲಿ ಮರುಚಾರ್ಜ್.

ವಾಸ್ ಪೇಲೋಡಿನ ಕಥೆ ಇದಕ್ಕೆ ತಿರುವುಮುರುವು. ಆಗ ವಾಸ್‌ಗೆ ಇದ್ದದ್ದು ಎರಡೇ ಭೂಸ್ಥಿರ ಉಪಗ್ರಹ, ಇನ್ನೊಂದು 107.3 ಪಶ್ಚಿಮದ ಅನಿಕ್ ಎಫ್1ಆರ್. ಗ್ಯಾಲಕ್ಸಿ-15ರ ಎಲ್-ಬ್ಯಾಂಡ್ ಸಂಕೇತಕ್ಕೆ ಆ ಆವರ್ತನದಲ್ಲಿ ನೆರೆಹೊರೆಯ ಕೇಬಲ್ ಉಪಗ್ರಹಗಳ ಗೊಡವೆಯಿಲ್ಲ, ತೇಲುತ್ತಿದ್ದರೂ ಅದರ ಸ್ಥಾನ ತಿಳಿದಿತ್ತು. ಹಾಗಾಗಿ ವಿಮಾನಯಾನ ಆಡಳಿತ ತಿಂಗಳುಗಟ್ಟಲೆ ಅದನ್ನು ಬಳಸುತ್ತಲೇ ಇತ್ತು. ಕೇಬಲ್ ಉದ್ಯಮ ಅದು ಆರಲೆಂದು ಕಾಯುತ್ತಿದ್ದರೆ, ಇವರು ಆರದಿರಲೆಂದು ಬಯಸುತ್ತಿದ್ದರು. ಆರಿದರೆ ಅಲಾಸ್ಕಾದ ವಾಯವ್ಯ ಭಾಗಕ್ಕೆ ಸಂಕೇತ ತಪ್ಪುತ್ತಿತ್ತು. ಅದೇ ವರ್ಷ 98 ಪಶ್ಚಿಮದ ಇನ್‌ಮಾರ್‌ಸ್ಯಾಟ್-4 ಎಫ್3 ಮೂರನೆಯದಾಗಿ ಸೇರಿಕೊಂಡಿತು.

ಡಿಸೆಂಬರ್

ಡಿಸೆಂಬರ್ ಮಧ್ಯದಲ್ಲಿ ಗ್ಯಾಲಕ್ಸಿ-15 ಕೊನೆಗೂ ಭೂಮಿಯಿಂದ ಮುಖ ತಿರುಗಿಸಿತು. 23ರಂದು ಬ್ಯಾಟರಿ ಪೂರ್ತಿ ಬರಿದಾಯಿತು. ಬೇಸ್‌ಬ್ಯಾಂಡ್ ಘಟಕ ಆರಿ ಮತ್ತೆ ಎದ್ದಿತು, ಕಮಾಂಡ್ ಸ್ವೀಕರಿಸತೊಡಗಿತು. ಟ್ರಾನ್ಸ್‌ಪಾಂಡರ್‌ಗಳನ್ನು ಆರಿಸಿ, ಸೌರಫಲಕಗಳನ್ನು ಸೂರ್ಯನ ಕಡೆ ತಿರುಗಿಸಿ ಸುರಕ್ಷಿತ ಸ್ಥಿತಿಯಲ್ಲಿ ನಿಲ್ಲಿಸಿದ್ದಾಗಿ ಇಂಟೆಲ್‌ಸ್ಯಾಟ್ 27ರಂದು ಪ್ರಕಟಿಸಿತು. ಅಷ್ಟರಲ್ಲಿ ಉಪಗ್ರಹ 105ರ ಸ್ಥಿರ ಬಿಂದುವನ್ನೂ ದಾಟಿ 93 ಪಶ್ಚಿಮದ ಹತ್ತಿರ ಬಂದಿತ್ತು. ಮೇಲಿನ ಕಾಗದದ ಲೆಕ್ಕವನ್ನೇ 262 ದಿನಕ್ಕೆ ಎಳೆದರೂ ಉತ್ತರ ಇದರ ಆಸುಪಾಸಿನಲ್ಲೇ ಬರುತ್ತದೆ. ಪರೀಕ್ಷೆಗಳಲ್ಲಿ ಪೇಲೋಡ್ ಗಟ್ಟಿಯಾಗಿಯೇ ಇದ್ದದ್ದು ಕಂಡುಬಂತು. 2011ರಲ್ಲಿ ಅದನ್ನು 133 ಪಶ್ಚಿಮಕ್ಕೆ ಮರಳಿಸಿ ಮತ್ತೆ ಕೆಲಸಕ್ಕೆ ಹಚ್ಚಿದರು.

ದುರಸ್ತಿ ಬಂದದ್ದು ತಂತ್ರಾಂಶದ ರೂಪದಲ್ಲಿ. ಇದೇ ಬಗೆಯ ಸಿಕ್ಕಿಕೊಳ್ಳುವಿಕೆ ಮತ್ತೆ ಆಗದಂತೆ ಕಾಯುವ ಕೋಡನ್ನು ಗ್ಯಾಲಕ್ಸಿ-15ಕ್ಕೆ ಮೇಲೇರಿಸಿದರು. ಈ ಬಗೆಯ ರಕ್ಷಣೆಯ ತಿರುಳು ಒಂದು ಟೈಮರ್. ನೆಲದಿಂದ ಸರಿಯಾದ ಕಮಾಂಡ್ ಬಂದಾಗಲೆಲ್ಲ ಅದು ಮೊದಲಿಗೆ ಮರಳುತ್ತದೆ. ನಿಗದಿತ ಅವಧಿ ಪೂರ್ತಿ ಮೌನವಿದ್ದರೆ ಮೊದಲು ಕಮಾಂಡ್ ಘಟಕದ ಬದಲಿ ಪ್ರತಿಗೆ ಹೊರಳಿ ನೋಡುತ್ತದೆ, ಆಮೇಲೂ ಮೌನವಿದ್ದರೆ ಪೇಲೋಡನ್ನು ಆರಿಸುತ್ತದೆ. ಕಷ್ಟವಿರುವುದು ಅವಧಿ ನಿಗದಿಯಲ್ಲಿ. ಕೆಲವೇ ಗಂಟೆ ಇಟ್ಟರೆ ನೆಲದ ಕೇಂದ್ರದಲ್ಲಿ ಒಂದು ದಿನದ ಕೆಟ್ಟ ಹವೆಯೋ ಆಂಟೆನಾ ರಿಪೇರಿಯೋ ಸಾಕು, ಚೆನ್ನಾಗಿರುವ ಉಪಗ್ರಹ ನೂರಾರು ಚಾನೆಲ್‌ಗಳನ್ನು ತಾನೇ ಆರಿಸಿ ಕೂರುತ್ತದೆ. ವ್ಯಾಪಾರಿ ಉಪಗ್ರಹದವರು ಇಂಥ ಟೈಮರ್ ಎಂದರೆ ಹಿಂಜರಿಯುತ್ತಿದ್ದದ್ದು ಇದಕ್ಕೇ. ತಿಂಗಳುಗಟ್ಟಲೆ ಇಟ್ಟರೆ ನೆರೆಯವನ ವಲಯ ಹೊಕ್ಕ ಮೇಲೆ ಎಚ್ಚರವಾದಂತೆ. 133ರಂಥ ಜಾಗದಲ್ಲಿ ಪೆಟ್ಟಿಗೆ ದಾಟಲು ಎಂಟು ದಿನ, ಮುಂದಿನ ಉಪಗ್ರಹದ ಅರ್ಧ ಡಿಗ್ರಿ ಸಮೀಪಿಸಲು ನಲವತ್ತೈದು ದಿನ. ಇವೆರಡರ ನಡುವೆ ಎಲ್ಲಿಟ್ಟರೂ ಉದ್ದೇಶ ಈಡೇರುತ್ತದೆ. ಸ್ಥಿರ ಬಿಂದುವಿಗೆ ಹತ್ತಿರವಿರುವ ಉಪಗ್ರಹಕ್ಕೆ ತಡೆಯಲು ಇನ್ನೂ ಹೆಚ್ಚು ದಿನ ಸಿಗುತ್ತವೆ, ಸೆಳೆತ ಅತಿ ಹೆಚ್ಚಿರುವಲ್ಲಿ, ಅಂದರೆ ಸ್ಥಿರ ಬಿಂದುವಿನಿಂದ 45 ಡಿಗ್ರಿ ದೂರದಲ್ಲಿ, ಇನ್ನೂ ಕಡಿಮೆ. ಜಾಗ ಬದಲಾದಾಗ ಟೈಮರ್‌ನ ಅವಧಿಯನ್ನೂ ಮರುಪರಿಶೀಲಿಸಬೇಕು ಎಂಬುದು ಇದರಿಂದ ತಾನಾಗಿಯೇ ಹೊರಡುತ್ತದೆ, ಆದರೂ ಉಪಗ್ರಹವನ್ನು ಒಂದು ಕಕ್ಷಾ ಜಾಗದಿಂದ ಇನ್ನೊಂದಕ್ಕೆ ಒಯ್ಯುವಾಗ ಮರೆಯಲು ಅತಿ ಸುಲಭವಾದ ಅಂಕಿ ಅದೇ.

ಗ್ಯಾಲಕ್ಸಿ-15 ಹನ್ನೊಂದು ವರ್ಷ ಮತ್ತೆ ದುಡಿಯಿತು. 2022ರ ಆಗಸ್ಟ್ 10ರಂದು, ಇನ್ನೊಂದು ಭೂಕಾಂತೀಯ ಬಿರುಗಾಳಿಯ ದಿನಗಳಲ್ಲಿ, ಅದು ಎರಡನೆಯ ಸಲ ನಿಯಂತ್ರಣ ತಪ್ಪಿತು. ಆ ಹೊತ್ತಿಗೆ ಉಡಾವಣೆಯಾಗಿ ಹದಿನೇಳು ವರ್ಷ ತುಂಬುತ್ತಾ ಬಂದಿತ್ತು. ಇಂಟೆಲ್‌ಸ್ಯಾಟ್ ಗಿರಾಕಿಗಳನ್ನು ತನ್ನ ಬೇರೆ ಉಪಗ್ರಹಗಳಿಗೆ ಸಾಗಿಸಿತು.